ಕಾಣದಿರಬೇಕಾದ ಚುಕ್ಕಿ

ಮದ್ದೂರಿನ ವಿಜ್ಞಾನ ಪ್ರದರ್ಶನಕ್ಕೆ ಎಂಟೂಕಾಲರ ಬಸ್ಸು. ಎಂಟಕ್ಕೆ ಹತ್ತು ನಿಮಿಷವಿರುವಾಗ ನಡುಮನೆಯಿಂದ ಗಗನ ಅಳುದನಿಯಲ್ಲಿ ಅಮ್ಮನನ್ನು ಕರೆದಳು. ವೀಣ ಒಲೆಯ ಉರಿ ತಗ್ಗಿಸಿ ಬಂದಳು.

ಮಗಳು ವಾರವಿಡೀ ಕೂತು ಕರಿ ಬಟ್ಟೆಯ ಮೇಲೆ ದಕ್ಷಿಣದ ಆಕಾಶ ಬರೆದಿದ್ದಳು. ಅದರಲ್ಲಿ ಸೂಜಿಮೊನೆಯಷ್ಟು ಕೆಂಪು ಮುಟ್ಟಿಸಿದ್ದೇ ಪ್ರಾಕ್ಸಿಮಾ. ಸೂರ್ಯನನ್ನು ಬಿಟ್ಟರೆ ನಮಗೆ ಅದೇ ಹತ್ತಿರದ ನಕ್ಷತ್ರ, ಆದರೂ ಅದರ ಬೆಳಕು ಇಲ್ಲಿಗೆ ಬರಲು ನಾಲ್ಕು ವರ್ಷಕ್ಕೂ ಹೆಚ್ಚು ಬೇಕು. ಅಗಲ ಸೂರ್ಯನ ಏಳರಲ್ಲೊಂದು ಪಾಲು, ಕಾವೂ ಕಡಿಮೆ. ಅದಕ್ಕೇ ಕೆಂಪು, ಅದಕ್ಕೇ ಮಂಕು. ದೂರದರ್ಶಕವಿಲ್ಲದೆ ಯಾರ ಕಣ್ಣಿಗೂ ಬೀಳದು. ಪಾತ್ರೆ ತೊಳೆಯುತ್ತ ಮಗಳಿಂದ ಎಷ್ಟು ಸಲ ಇದನ್ನು ಒಪ್ಪಿಸಿಕೊಂಡಿದ್ದಳೋ, ವೀಣಳಿಗೇ ಬಾಯಿಪಾಠವಾಗಿತ್ತು.

ಈಗ ಅದೇ ಜಾಗದಲ್ಲಿ ಕಾಸಗಲದ ಕುಂಕುಮದ ಬೊಟ್ಟು.

"ಕರಿ ಬಟ್ಟೆ ಬರಿದಾಗಿ ಒಸ್ಲು ದಾಟ್‌ಬಾರ್ದು ಕಣಮ್ಮ," ಎಂದರು ಅತ್ತೆ ಅಂಕಮ್ಮ. "ಮಗು ನೆನ್ನೆ ಇಲ್ಲೈತೆ ನನ್ ಚುಕ್ಕಿ ಅಂತ ಬೆಟ್ಟಿಟ್ಟು ತೋರುಸ್ತು. ನಂಗೇನೂ ಕಾಣ್ನಿಲ್ಲ. ಮರ್ತದೆ ಅಂತ ಅಲ್ಲೇ ಇಟ್ಟೆ."

"ಕಾಣಬಾರ್ದು ಅಜ್ಜಿ. ಅದರ ಗುಣವೇ ಅದು."

"ಕಾಣ್ದೇ ಇರೋದ್ನ ತೋರ್ಸಕ್ಕೆ ಮದ್ದೂರ್‌ಗಂಟ ಓಗ್ಬೇಕಾ? ಇಲ್ಲೇ ಕೂತ್ಕಂಡು ತೋರ್ಸ್‌ನಿಲ್ವಾ?"

"ಅತ್ತೆ, ಒಂದ್ ಗಳಿಗೆ ಸುಮ್ಕಿರಿ," ಎಂದಳು ವೀಣ. ಈ ಮನೆಯಲ್ಲಿ ಒಂದು ಚುಕ್ಕಿಯನ್ನೂ ಅದರ ಪಾಡಿಗೆ ಇರಲು ಬಿಡುವವರಿಲ್ಲ. ಊದಿದಳು, ಕೊಡವಿದಳು, ಒದ್ದೆ ಬೆರಳಿನಿಂದ ಒರೆಸಿದಳು. ಬೊಟ್ಟು ಇನ್ನಷ್ಟು ಹರಡಿತು.

"ಸೂರ್ಯನಿಗಿಂತ ದೊಡ್ಡದಾಯ್ತು. ಎಲ್ಲಾ ನಗ್ತಾರೆ. ನಾನು ಹೋಗಲ್ಲ ಬುಡಮ್ಮ," ಗಗನ ಬ್ಯಾಗನ್ನು ಮೂಲೆಗೆ ನೂಕಿದಳು.

ಗದರಲು ಬಾಯಿ ತೆರೆದ ವೀಣ, ಮಗಳ ಬೆರಳುಗಳಿಗೆ ಅಂಟಿದ್ದ ಬಣ್ಣ ನೋಡಿ ಒಳಗೆ ಹೋದಳು. ಕಾಡಿಗೆ ಡಬ್ಬಿ ತಂದು ಚಕ್ಕಳಮಕ್ಕಳ ಹಾಕಿ ಕೂತಳು.

"ಎಲ್ಲಿ ಬಿಡ್ಲಿ? ಸರಿಯಾಗಿ ತೋರ್ಸು."

ಗಗನ ಪೆನ್ಸಿಲ್ ಮೊನೆ ಇಟ್ಟಳು. ವೀಣ ಕಡ್ಡಿಯಲ್ಲಿ ಕಾಡಿಗೆ ತೆಗೆದು ಕೆಂಪಿನ ಮೇಲೆಲ್ಲ ಹಚ್ಚುತ್ತ ಬಂದಳು, ಆ ಮೊನೆಯಷ್ಟು ಜಾಗ ಮಾತ್ರ ಬಿಟ್ಟು. ಮಗಳು ಬಾಗಿಲವರೆಗೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿದಳು.

"ಕಾಣ್ತಿಲ್ಲಮ್ಮ," ಎಂದಳು. ಮುಖ ಅರಳಿತ್ತು.

"ಕಾಡ್ಗೆ ಇಟ್ಯಾ? ಒಳ್ಳೇದಾಯ್ತು," ಎಂದರು ಅಂಕಮ್ಮ. "ಇನ್ನು ಅದ್ಕೆ ದೃಷ್ಟಿನೂ ತಾಗಕಿಲ್ಲ."

ಕಾಣದ್ದಕ್ಕೆ ದೃಷ್ಟಿ ಹೇಗೆ ತಾಗುತ್ತದೆಂದು ಕೇಳಲು ವೀಣಳಿಗೆ ಪುರುಸೊತ್ತಿರಲಿಲ್ಲ. ಕಾಡಿಗೆ ಮೆತ್ತಿದ ಕೈಯಲ್ಲೇ ಬಟ್ಟೆ ಸುತ್ತಿಕೊಟ್ಟು, ಮಗಳನ್ನು ರಸ್ತೆಗೆ ಓಡಿಸಿದಳು.