ಜನಾನಾ ಖೋಲಿಯ ಮುಂದೆ ನಿಂತವಳು

ರೈಲು ನಿಲ್ದಾಣದಲ್ಲಿ ಮುದುಕಮ್ಮ ಕೂತದ್ದನ್ನು ಕಂಡವರಿರಲಿಲ್ಲ. ರೈಲು ಎಷ್ಟೇ ತಡವಾಗಲಿ, ಬಿಸಿಲು ನೆತ್ತಿ ಸುಡಲಿ, ಗಂಟನ್ನು ಕಾಲ ಬಳಿ ಇಟ್ಟುಕೊಂಡು, ಸೀರೆಯ ಮೇಲೆ ತೊಟ್ಟ ಗಂಡಸರ ಕರಿ ಕೋಟಿನ ಕಿಸೆಗಳಲ್ಲಿ ಎರಡೂ ಕೈ ಇಳಿಬಿಟ್ಟು, ಬೀಗ ಜಡಿದ ಒಂದು ಬಾಗಿಲಿಗೆ ಎದುರಾಗಿ ನಿಂತಿರುತ್ತಿದ್ದಳು. ಒಳಗಿದ್ದವರು ಹೊರಬಂದು ತನಗೆ ಉತ್ತರ ಹೇಳಲೇಬೇಕು ಎನ್ನುವವಳ ಹಾಗೆ.

ಕೊಪ್ಪಳ ಸೀಮೆಯ ಆ ಸಣ್ಣ ನಿಲ್ದಾಣದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅಂಥ ಬಾಗಿಲು ಅದೊಂದರಲ್ಲೇ ಇರಲಿಲ್ಲ. ಅದು ಹೆಂಗಸರು ರೈಲಿಗೆ ಕಾಯುವ ಕೋಣೆ, ಜನರ ಬಾಯಲ್ಲಿ ‘ಜನಾನಾ ಖೋಲಿ’. ಒಳಗೆ ಬೆತ್ತದ ಕುರ್ಚಿಗಳು, ಗೋಡೆಗೆ ಕನ್ನಡಿ, ಮೂಲೆಯಲ್ಲಿ ನೀರಿನ ಹೂಜಿ. ಮೇಲಿನ ದರ್ಜೆಯ ಟಿಕೀಟು ಪಡೆದ ಹೆಂಗಸರಿಗೆ ಮಾತ್ರ ಎಂಬುದು ಕಾಯಿದೆ. ಆ ಸೀಮೆಯಲ್ಲಿ ಅಂಥ ಹೆಂಗಸರು ರೈಲು ಹತ್ತುತ್ತಿದ್ದುದು ಯಾವಾಗಲೋ ಒಮ್ಮೆ. ಉಳಿದ ದಿನವೆಲ್ಲ ಕುರ್ಚಿಗಳ ಮೇಲೆ ಧೂಳು ಕೂತಿರುತ್ತಿತ್ತು. ಬಾಣಂತಿಯರೂ ಮುದುಕಿಯರೂ ಹೊರಗೆ ಕಾದ ಕಲ್ಲಿನ ಮೇಲೆ ಕೂತಿರುತ್ತಿದ್ದರು. ಧಾರವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಓದುತ್ತಿದ್ದ ನಾನು ರಜೆಗೆ ಬಂದು ಹೋಗುವಾಗಲೆಲ್ಲ ಇದನ್ನು ಕಂಡಿದ್ದೇನೆ. ಆ ಸಿಟ್ಟು ಇಂದಿಗೂ ಆರಿಲ್ಲ. ಆರಬೇಕೆಂದು ನನಗೆ ಅನ್ನಿಸಿಯೂ ಇಲ್ಲ.

ಮುದುಕಮ್ಮ ತಾವರಗೇರಾದವಳು. ಗದಗಿನಿಂದ ಕುಪ್ಪಸದ ಖಣ ತಂದು ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾರುತ್ತಿದ್ದಳು. ಹೆಸರು ಮುದುಕಮ್ಮನಾದರೂ ಆಗಿನ್ನೂ ಗಟ್ಟಿಮುಟ್ಟಾದ ಹೆಂಗಸು; ತಲೆಯ ಮೇಲೆ ಗಂಟು ಇಲ್ಲದಾಗಲೂ ಇದ್ದಂತೆಯೇ ಕತ್ತು ನೆಟ್ಟಗಿಟ್ಟು, ಅತ್ತಿತ್ತ ನೋಡದೆ ನಡೆಯುವಳು. ಕೋಟಿನ ವಿಚಾರ ಕೇಳಿದವರಿಗೆ ಒಂದೇ ಉತ್ತರ: “ಸಿಂಪಿಗ್ಯಾ ಕುಪ್ಪಸಕ್ಕ ಕಿಸೆ ಇಟ್ಟಿದ್ದರ ಈ ಬಿಸಲಾಗ ಕೋಟ್ಯಾಕ ಹಾಕ್ಕೋತಿದ್ದೆ?” ಮಾತುಮಾತಿಗೆ ಆಕೆಯ ಬಾಯಲ್ಲಿ ಬರುತ್ತಿದ್ದುದು ‘ಯಾರ ಸಲುವಾಗಿ?’ ಎಂಬ ಪ್ರಶ್ನೆ. ಊರ ಹಿರಿಯರು ಚಾವಡಿಗೆ ಹೊಸ ಕಟ್ಟೆ ಕಟ್ಟಿಸಿದರೂ ಅದನ್ನೇ ಕೇಳಿದಳು, ಪಕ್ಕದ ಮನೆಯವರು ಜರಿಯಂಚಿನ ಸೀರೆ ಉಟ್ಟರೂ ಅದನ್ನೇ ಕೇಳಿದಳು. ಸ್ಟೇಷನ್ ಮಾಸ್ತರನನ್ನೂ ಕೇಳಿದ್ದಳು.

“ಈ ಖೋಲಿ ಯಾರ ಸಲುವಾಗಿ ಐತ್ರಿ?”

“ಹೆಣ್ಮಕ್ಕಳ ಸಲುವಾಗಿ.”

“ಮತ್ತ ನಾ ಯಾರ್ರಿ?”

“ನೀ ಮೂರನೇ ದರ್ಜೇದಾಕಿ.”

“ಹಂಗಾರ ನೀವು ಬೀಗ ತೆಗಿಯೂತನಕ ನಿಲ್ತೀನಿ,” ಎಂದವಳು ಅಂದಿನಿಂದ ನಿಂತೇ ರೈಲು ಹತ್ತಿದಳು. ಜನ ನಕ್ಕರು. ಮಾಸ್ತರನಂತೂ ಆಕೆಯನ್ನು ದೀಪದ ಕಂಬದಷ್ಟೂ ಲೆಕ್ಕಿಸಲಿಲ್ಲ.

ಯುದ್ಧದ ಕಾಲದ ಒಂದು ಬೇಸಿಗೆ. ಸಿಪಾಯಿಗಳ ಗಾಡಿಗಳಿಗೆ ದಾರಿ ಬಿಡಲು ನಮ್ಮ ರೈಲನ್ನು ಎಲ್ಲೋ ನಿಲ್ಲಿಸಿದ್ದರು. ತಗಡಿನ ನೆರಳಿನ ತುಂಬ ಗಂಡಸರು. ಅಷ್ಟರಲ್ಲಿ ಸುತ್ತಲೂ ಚಾದರದ ಪರದೆ ಕಟ್ಟಿದ ಎತ್ತಿನ ಗಾಡಿಯೊಂದು ಬಂತು; ಪಕ್ಕದಲ್ಲಿ ಮುದುಕಮ್ಮ. ಗಾಡಿಯಲ್ಲಿದ್ದವಳು ಆಕೆಯ ನೆರೆಮನೆಯ ಹುಸೇನಬೀ, ಪಾತ್ರೆಗೆ ಕಲಾಯಿ ಹಾಕುವ ಮೌಲಾಹುಸೇನನ ಹೆಂಡತಿ. ಗಂಡ ಕೆಲಸ ಹುಡುಕಿಕೊಂಡು ಸೊಲ್ಲಾಪುರಕ್ಕೆ ಹೋಗಿದ್ದ. ಮಡಿಲಲ್ಲಿದ್ದ ಕೂಸಿಗೆ ಮೈ ಕೆಂಡ. ಗದಗಿನ ದವಾಖಾನೆಗೆ ಮುದುಕಮ್ಮನೇ ಹೊರಡಿಸಿಕೊಂಡು ಬಂದಿದ್ದಳು. ಗೋಷಾದ ಹೆಣ್ಣು, ಅಷ್ಟು ಗಂಡಸರ ನಡುವೆ ಕೂಸಿಗೆ ಹಾಲು ಕೊಡುವುದೆಲ್ಲಿ? ಕೂಸಿನ ಅಳು ಆಗಲೇ ಸಣ್ಣದಾಗುತ್ತಿತ್ತು.

ಆ ದಿನ ತಹಸೀಲ್ದಾರರ ಮನೆಯವರು ಪ್ರಯಾಣ ಮಾಡುವ ಸುದ್ದಿಯಿತ್ತು. ಪರದೆಯ ಗಾಡಿ ಕಂಡದ್ದೇ ನಿಲ್ದಾಣದ ಜವಾನ ಪಕ್ಕೀರಪ್ಪ ಓಡಿದ. ಮಾಸ್ತರ ಗುಂಡಿ ಹಾಕಿಕೊಳ್ಳುತ್ತಲೇ ಬಂದು, ತಾನೇ ಬೀಗ ತೆಗೆದು, ಬುರ್ಖಾಕ್ಕೆ ಬಗ್ಗಿ ಸಲಾಮು ಮಾಡಿದ.

ಮುದುಕಮ್ಮ ಆಗಲೂ ಕೇಳಿದಳು: “ಯಾರ ಸಲುವಾಗಿ ತೆಗೆದ್ರಿ?”

“ಬಾಯಿಸಾಹೇಬರ ಸಲುವಾಗಿ. ನೀ ಸುಮ್ಮನ ಅವರ ಗಂಟು ಹಿಡಿ.”

ಆಕೆ ಸುಳ್ಳು ಹೇಳಲಿಲ್ಲ; ಹೇಳುವ ಅಗತ್ಯವನ್ನೇ ಅವನು ಉಳಿಸಲಿಲ್ಲ. ಹುಸೇನಬೀಯನ್ನು ಒಳಗೆ ಕರೆದೊಯ್ದು ಕುರ್ಚಿಯಲ್ಲಿ ಕೂಡಿಸಿದಳು. ಪಕ್ಕೀರಪ್ಪ ಹೂಜಿಗೆ ನೀರು ತುಂಬಿ ಹೊಸಿಲ ಮೇಲೆ ತಂದಿಟ್ಟ. ಟಿಕೀಟಿನ ಕಿಟಕಿ ತೆರೆದಾಗ ಮುದುಕಮ್ಮ ಹೋಗಿ, ತನಗೊಂದು, ಕಲಾಯಿ ಮೌಲಾಹುಸೇನನ ಹೆಂಡತಿಗೊಂದು ಎಂದು ಎಂದಿನಂತೆ ಮೂರನೇ ದರ್ಜೆಯವನ್ನೇ ಕೇಳಿದಳು. ಮಾಸ್ತರನ ಮುಖ ಬಿಳಿಚಿ, ಆಮೇಲೆ ಕೆಂಪಾಯಿತು. ಅವನು ಹೊರಬರುವಷ್ಟರಲ್ಲಿ ಆಕೆ ಖೋಲಿಯ ನಡುಮಧ್ಯದ ದೊಡ್ಡ ಕುರ್ಚಿಯಲ್ಲಿ ಕೂತಿದ್ದಳು. ಆಕೆ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಹೊರಗ ಬಾ! ಕಲಾಯಿಯವನ ಹೇಂತಿನ್ನ ತಹಸೀಲ್ದಾರರ ಮನಿಯವರಂತ ತೋರಿಸ್ತೀಯೇನು?”

“ನಾ ಏನೂ ತೋರಿಸಿಲ್ರಿ. ಬುರ್ಖಾದ ಮ್ಯಾಲೆ ಗಂಡನ ನೌಕರಿ ಬರದಿರತೈತೇನು? ಸಲಾಮ ಮಾಡಿದವರು ನೀವು.”

“ಎದ್ದು ಬರ್ತೀಯೋ, ಒಳಗ ಬಂದು ಎಳದು ಹಾಕಲೋ?”

“ಬರ್ರಿ. ಜನಾನಾದಾಗ ಗಂಡಸು ಕಾಲಿಡಬಾರದಂತ ಹಲಗಿ ಹಾಕಿದವರೂ ನೀವಽ. ಏ ಪಕ್ಕೀರಪ್ಪಾ, ಏನ್ ಬರದೈತಿ ಸಾಹೇಬ್ರಿಗೆ ಓದಿ ಹೇಳಪಾ.”

ಪಕ್ಕೀರಪ್ಪ ರುಮಾಲಿನ ಚುಂಗನ್ನು ಬಾಯಿಗೊತ್ತಿಕೊಂಡು ಅತ್ತ ತಿರುಗಿದ. ಹೊಸಿಲಿಗೆ ಬಂದ ಮಾಸ್ತರನ ಬೂಟು ಅಲ್ಲಿಯೇ ನಿಂತಿತು. ನೆರಳಿನಲ್ಲಿದ್ದ ಸಾಬರೆಲ್ಲ ಎದ್ದು ಅವನ ಕಾಲನ್ನೇ ನೋಡುತ್ತಿದ್ದರು. ಕಸ ಗುಡಿಸುವ ಫಕೀರಮ್ಮನನ್ನು ಕರೆಸಿ, “ಅವರಿಬ್ಬರನ್ನೂ ಹೊರಗ ಹಾಕು,” ಎಂದ. ಫಕೀರಮ್ಮ ಒಳಗೆ ಹೋದಳು, ಕೂಸನ್ನು ಮುಟ್ಟಿ ನೋಡಿದಳು, ಸೆರಗು ಒದ್ದೆ ಮಾಡಿ ಹಣೆಗಿಟ್ಟಳು, ಗಾಳಿ ಬೀಸುತ್ತ ಅಲ್ಲಿಯೇ ಕೂತಳು. “ಏನಾತು?” ಎಂದು ಹೊರಗಿನಿಂದ ಕೂಗಿದರೆ, “ಕೂಸು ಹಾಲು ಕುಡ್ಯಾಕತ್ತೈತಿ, ಒದರಬ್ಯಾಡ್ರಿ,” ಎಂದಳು. ಆಮೇಲೆ ಒಬ್ಬೊಬ್ಬರಾಗಿ ಹೊರಗಿದ್ದ ಹೆಂಗಸರೂ ಒಳಗೆ ಬಂದರು. ನಾನೂ ಹೋದೆ. ತಹಸೀಲ್ದಾರರ ಮನೆಯವರು ಆ ದಿನ ಬರಲೇ ಇಲ್ಲ; ರೈಲು ಬರುವವರೆಗೆ ಯಾರೂ ಏಳಲಿಲ್ಲ.

ಕೂಸು ಬದುಕಿತು. ಅದನ್ನು ಉಳಿಸಿದ್ದು ಆ ಖೋಲಿ ಎಂದು ನಾನು ವಾದಿಸುವುದಿಲ್ಲ. ಉಳಿಯದಿದ್ದರೂ ತಾಯಿಗೆ ಆ ಕುರ್ಚಿ ಸಲ್ಲಬೇಕಾದದ್ದೇ ಆಗಿತ್ತು.

ಮುಂದಿನ ರಜೆಗೆ ಬಂದಾಗ ಬಾಗಿಲಿಗೆ ಇನ್ನೂ ದೊಡ್ಡ ಬೀಗ ಬಿದ್ದಿತ್ತು. ಪರದೆಯ ಗಾಡಿ ಬಂದರೆ ಮೊದಲು ಟಿಕೀಟು ನೋಡಿ, ಆಮೇಲೆ ಸಲಾಮು ಮಾಡುವ ಹೊಸ ಪದ್ಧತಿಯೂ ಬಂದಿತ್ತು. ಮುದುಕಮ್ಮ ಅದೇ ಕೋಟಿನಲ್ಲಿ, ಅದೇ ಜಾಗದಲ್ಲಿ ನಿಂತಿದ್ದಳು. “ಒಮ್ಮೆ ಕೂತು ಗೆದ್ದೆಲ್ಲಬೇ, ಇನ್ಯಾಕ ಕಾಲು ನೋಯಿಸ್ಕೋತಿ?” ಎಂದೆ. “ಅವತ್ತ ಸಲಾಮಕ್ಕ ತೆಗೆದಿದ್ದ,” ಎಂದಳು, “ನನ್ನ ಸಲುವಾಗಿ ಇನ್ನೂ ತೆಗೆದಿಲ್ಲ.”

ಈ ಕಥೆಯನ್ನು ನಮ್ಮ ಕಡೆ ಇಂದಿಗೂ ನಗುನಗುತ್ತ ಹೇಳುತ್ತಾರೆ; ಮಾಸ್ತರ ಬೇಸ್ತುಬಿದ್ದದ್ದಷ್ಟೇ ಅವರಿಗೆ ನೆನಪು. ಆಕೆ ನಿಂತ ವರ್ಷಗಳು ಯಾರಿಗೂ ನೆನಪಿಲ್ಲ. ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ತಮಗೆ ಸಲ್ಲಬೇಕಾದದ್ದನ್ನು ಕದ್ದು ಪಡೆಯಲು ಒಪ್ಪದೆ, ಬೇಡಿ ಪಡೆಯಲೂ ಒಪ್ಪದೆ, ಬಾಗಿಲ ಮುಂದೆ ನಿಂತೇ ಬಿಡುತ್ತಾರೆ. ನಾವು ಅವರನ್ನು ಹಟಮಾರಿಗಳೆಂದು ಕರೆದು ಮುಂದೆ ಹೋಗುತ್ತೇವೆ. ಬೀಗ ಹಾಕಿದವನ ಹಟಕ್ಕೆ ಮಾತ್ರ ನಾವು ಕಾಯಿದೆ ಎಂಬ ಹೆಸರಿಟ್ಟಿದ್ದೇವೆ.