ಒಳಗಿನ ಕೈ

“ಹಿಡ್ಕೊಂಡ್ರಾ ಅತ್ತೆ?”

“ಹಿಡ್ಕೊಂಡಿದೀನಪ್ಪಾ, ನೀನು ಮೆಲ್ಲಗೆ ತಿರುಗ್ಸು!”

ಮೆಲ್ಲಗೆ ಎಂಬುದು ಅಳಿಯನ ಜಾಯಮಾನದಲ್ಲೇ ಇರಲಿಲ್ಲ. ಲಾರಿ ಓಡಿಸುವವನು, ಚಕ್ರದ ನಟ್ಟು ಬಿಗಿದು ಪಳಗಿದ ಕೈ. ಹಿತ್ತಲಲ್ಲಿ ಅಡ್ಡ ಮಲಗಿಸಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಮಂಡಿ ಒತ್ತಿ ಸ್ಪ್ಯಾನರನ್ನು ಜಗ್ಗಿಯೇ ಜಗ್ಗಿದ. ತಲೆ, ಭುಜವನ್ನೆಲ್ಲ ಡ್ರಮ್ಮಿನೊಳಗೆ ತೂರಿಸಿ ಕೂತಿದ್ದ ಅತ್ತೆಯ ಬೆರಳುಗಳ ನಡುವೆ, ತೂತಿನಿಂದ ಹೊರಕ್ಕೆ ತೂರಿಸಿದ್ದ ಗಿಡ್ಡ ಕೊಳವೆಯ ಅಗಲವಾದ ತಲೆ ಗರ್ರನೆ ತಿರುಗಿತು. ಅದರಡಿಯ ರಬ್ಬರ್ ವಾಷರ್ ಒಂದು ಕಡೆಯಿಂದ ನಾಲಿಗೆಯ ಹಾಗೆ ಹೊರಚಾಚಿದ್ದು ಕೈಗೆ ತಾಗಿತು.

“ಕೆಡ್ತು,” ಎಂದಳು ಒಳಗಿನಿಂದಲೇ.

ಅಳಿಯ ನಂಬಲಿಲ್ಲ. ಕೊಳವೆಯ ಹೊರತುದಿಗೆ ನಲ್ಲಿಯ ವಾಲ್ವ್ ಕೂರಿಸಿ, ಡ್ರಮ್ ಎತ್ತಿ ನಿಲ್ಲಿಸಿ, ಅಡಿಗೆ ಹಳೇ ಪೇಪರ್ ಹಾಸಿ ಬಕೆಟ್ ನೀರು ಸುರಿದ. ವಾಲ್ವಿನ ಬುಡದಿಂದ ನೀರು ಜಿನುಗಿತು, ಪೇಪರು ತೊಯ್ದು ತೊಪ್ಪೆಯಾಯಿತು.

“ಇನ್ನೊಂಚೂರು ಬಿಗೀಬೇಕಿತ್ತು,” ಎಂದ.

“ಬಿಗಿದಿದ್ದು ಜಾಸ್ತಿ ಆಗೇ ಸೋರ್ತಿರೋದು ಕಣೋ!”

ಮಗಳು ಬಾಗಿಲಿಗೆ ಬಂದಳು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿದ್ದವು. “ಅಮ್ಮಾ, ಸಾಕು ಬಾ. ಅಪ್ಪನ್ನ ಒಳಗೆ ಮಲಗ್ಸಿದಾರೆ, ನೀನು ನೋಡಿದ್ರೆ ಇಲ್ಲಿ ಡ್ರಮ್ಮು. ಜನ ಏನಂದ್ಕೋತಾರೆ?”

“ಜನ ಮಣ್ಣು ಮಾಡಿ ಬಂದು ಕೈ ತೊಳೆಯೋದು ಇದರಲ್ಲೇ ತಾನೇ? ನಿಮ್ಮಪ್ಪ ತೂತು ಕೊರೆದ ಕೊನೇ ಡ್ರಮ್ಮು ಸೋರ್ತಾ ಇದ್ರೆ ಆಗ ಏನಂದ್ಕೋತಾರೆ?”

ಮಗಳು ಒಳಗೆ ಹೋದಳು. ಬೀದಿಯ ಅರ್ಧಕ್ಕರ್ಧ ಮನೆಗಳ ಡ್ರಮ್ಮಿಗೆ ವಾಲ್ವ್ ಕೂರಿಸಿದ್ದವನು ಸತ್ತವನೇ. ಯಾರು ಏನೇ ಅನುಮಾನ ತೆಗೆದರೂ “ಸೋರಲ್ಲಪ್ಪಾ, ಸೋರಲ್ಲ” ಎನ್ನುತ್ತಿದ್ದ. ಸೋರಲ್ಲಪ್ಪ ಎಂದೇ ಹೆಸರಾಗಿಹೋಗಿತ್ತು. ಅವನ ನಿಜವಾದ ಹೆಸರು ಈ ದಿನ ಕೇಳಿದವರು ‘ಹೌದಾ!’ ಎಂದು ಕಣ್ಣರಳಿಸಿದ್ದರು. ನಿನ್ನೆ ಸಂಜೆ ತೂತು ಕೊರೆದು, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ನುಣ್ಣಗೆ ಮಾಡಿ, ಸಾಮಾನೆಲ್ಲ ತಟ್ಟೆಯಲ್ಲಿ ಜೋಡಿಸಿಟ್ಟು, “ಯಾಕೋ ಸುಸ್ತು ಕಣೇ, ನಾಳೆ ಕೂರ್ಸೋಣ” ಎಂದು ಮಲಗಿದವನು ಏಳಲಿಲ್ಲ.

*

ಹಿಂದೆ ಡ್ರಮ್ಮಿನ ಒಳಗೆ ಕೈ ಹಾಕುತ್ತಿದ್ದವನು ಗಂಡನ ತಮ್ಮ. ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು. ಹೊರಗಡೆ ಒಬ್ಬ ನಟ್ಟು ತಿರುಗಿಸುವಾಗ ಒಳಗಡೆ ಇನ್ನೊಬ್ಬ ಕೊಳವೆಯ ತಲೆ ಅಲ್ಲಾಡದ ಹಾಗೆ ಹಿಡಿದಿರಬೇಕು. ಒಂದು ದಿನ ತಮ್ಮನ ಕೈ ಜಾರಿತು, ಡ್ರಮ್ ಸೋರಿತು. ಗಿರಾಕಿಯ ಮನೆಯವರೆಲ್ಲ ನಿಂತು ನೋಡುತ್ತಿದ್ದರು. “ಹಿಡ್ಕೊಳ್ಳೋಕೂ ಬರಲ್ವೇನೋ ದಂಡಪಿಂಡ?” ಎಂದುಬಿಟ್ಟ ಅಣ್ಣ. ತಮ್ಮ ಡ್ರಮ್ಮಿನಿಂದ ತಲೆ ಹೊರತೆಗೆದು, ಮಂಡಿಯ ಧೂಳು ಕೊಡವಿ, ಹೊರಟೇಹೋದ. ಅಷ್ಟೇ. ಅಣ್ಣ ಕರೆಯಲಿಲ್ಲ, ತಮ್ಮ ಬರಲಿಲ್ಲ. ಇಬ್ಬರದೂ ಒಂದೇ ಅಚ್ಚು, ಒಂದೇ ಹಟ.

ಮಾರನೆಯ ದಿನ ಗಂಡ ಅಡುಗೆಮನೆಗೆ ಬಂದು, “ಏಳು, ಕೈ ಹಾಕ್ಬೇಕು” ಎಂದ. ಆವತ್ತಿನಿಂದ ಒಳಗಿನ ಕೈ ಅವಳದಾಯಿತು.

ಅವಳ ತಲೆ ಡ್ರಮ್ಮಿನೊಳಗೆ ಹೋದಾಗಲೇ ಅವನಿಗೆ ತಮ್ಮನ ನೆನಪು. ಎರಡು ಸುತ್ತು ತಿರುಗಿಸಿ, ಏನೂ ಅಲ್ಲವೆಂಬ ಹಾಗೆ ಕೇಳುತ್ತಿದ್ದ: “ಅವನು ಹೇಗಿದಾನಂತೆ?”

“ಇದಾನಂತೆ. ಕೆಮ್ಮಂತೆ.”

“ಹ್ಞೂಂ. ಗಟ್ಟಿಯಾಗಿ ಹಿಡ್ಕೋ.”

ಅವಳು ತಲೆ ಹೊರತೆಗೆಯುವಷ್ಟರಲ್ಲಿ ಅವನ ಮುಖ ಎಂದಿನ ಹಾಗೆಯೇ ಇರುತ್ತಿತ್ತು.

*

ಸಾವಿನ ಸುದ್ದಿ ಕೇಳಿ ತಮ್ಮ ಬೆಳಿಗ್ಗೆಯೇ ಬಂದಿದ್ದ. ಆದರೆ ಹೊಸ್ತಿಲು ದಾಟದೆ, ಗೇಟಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಅಳಿಯನಿಂದ ಸ್ಪ್ಯಾನರ್ ಕಿತ್ತುಕೊಂಡು ಅವಳು ಸೀದಾ ಅಲ್ಲಿಗೆ ಹೋದಳು.

“ಏನೋ, ಈಗ್ಲೂ ಮುಖ ಊದಿಸ್ಕೊಂಡು ಕೂರ್ತೀಯಾ?”

“ಕರೀಲಿ ಅಂತಿದ್ದೆ ಅತ್ತಿಗೆ.”

“ಯಾರು, ಅವರಾ? ಅವರು ಬದುಕಿದ್ದಾಗ್ಲೇ ಕರೀಲಿಲ್ಲ. ಈಗ ನಾನು ಕರೀತಿದೀನಿ. ಬಾ, ನಟ್ಟು ಹಾಕು.”

ಅವನು ಸ್ಪ್ಯಾನರನ್ನು ನೋಡಿದ, ಅವಳನ್ನು ನೋಡಿದ. “ನಂಗೆ ಹೊರಗಡೆ ಕೆಲಸ ಬರಲ್ಲ. ಅಣ್ಣ ಯಾವತ್ತು ಯಾರ ಕೈಗೆ ಸ್ಪ್ಯಾನರ್ ಕೊಟ್ಟ? ನಾನು ಬರೀ ಹಿಡ್ಕೊಳ್ಳೋನು.”

“ಅಯ್ಯೋ ನನ್ನ ಕರ್ಮವೇ,” ಎಂದಳು. “ನಾನೂ ಬರೀ ಹಿಡ್ಕೊಳ್ಳೋಳೇ ಕಣೋ!”

ಅವಳಿಗೆ ನಗು ಬಂದೇಬಿಟ್ಟಿತು. ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು. ಎದುರು ಮನೆಯ ಟೀಚರು, ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ನೀರು ತರಲು ಓಡಿದರು. ತಮ್ಮನೂ ನಕ್ಕ. ನಗುತ್ತಲೇ ಎದ್ದು ಗೇಟು ದಾಟಿದ.

ನಡುಮನೆಯಲ್ಲಿ ಅಣ್ಣನ ಮುಖದ ಮುಂದೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಅಂಗಿಯ ತೋಳು ಮಡಚಿ ಹಿತ್ತಲಿಗೆ ಬಂದ.

“ಒಳಗೆ ನಾನೇ ಹೋಗ್ತೀನಿ. ನಟ್ಟು ಕಚ್ಚಿದಾಗ ಕೈಗೆ ಗೊತ್ತಾಗುತ್ತಲ್ಲ, ಆಗ ಹೇಳ್ತೀನಿ. ನೀವು ತಿರುಗ್ಸಿ.”

“ಗೊತ್ತು. ಒಂದು ಸಲ ಕೈ ತಿರುಚಿದ ಹಾಗಾಗುತ್ತೆ.”

“ಹ್ಞಾಂ, ಅದೇ! ಆಮೇಲೆ ಅಣ್ಣ ಒಂದೇ ಒಂದು ಚೂರು ತಿರುಗ್ಸಿ ನಿಲ್ಲಿಸ್ತಿದ್ದ.”

ತಟ್ಟೆಯಲ್ಲಿ ಇನ್ನೊಂದು ವಾಷರ್ ಇತ್ತು. ಗಂಡ ಯಾವತ್ತೂ ಒಂದು ಹೆಚ್ಚಿಗೆ ಇಡುತ್ತಿದ್ದ. ತಮ್ಮ ಡ್ರಮ್ಮಿನ ನೀರು ಚೆಲ್ಲಿ ಮತ್ತೆ ಅಡ್ಡ ಮಲಗಿಸಿ, ವಾಲ್ವು, ನಟ್ಟು ಕಳಚಿ, ಆ ವಾಷರ್ ಹಾಕಿ ಒಳಗೆ ತೂರಿಕೊಂಡ. ಅವಳು ಮೊದಲು ಬರಿಗೈಯಲ್ಲಿ ನಟ್ಟು ತಿರುಗಿಸಿ, ಆಮೇಲೆ ಸ್ಪ್ಯಾನರ್ ಹಿಡಿದಳು. ಈ ಕಡೆ ಅವಳು ಕೂರುವುದು ಇದೇ ಮೊದಲು.

“ಹಿಡ್ಕೊಂಡ್ಯಾ?” ಎಂದಳು.

“ಹಿಡ್ಕೊಂಡೆ.”

ತಿರುಗಿಸಿದಳು. “ಹ್ಞಾಂ, ಕಚ್ತು,” ಎಂದಿತು ಒಳಗಿನ ದನಿ. ಒಂದು ಚೂರು ತಿರುಗಿಸಿ ನಿಲ್ಲಿಸಿದಳು. ಅಲ್ಲಿಗೆ ಕೆಲಸ ಮುಗಿದಿತ್ತು. ಎದುರಿಗೆ ತಮ್ಮನ ಬೆನ್ನು ಮಾತ್ರ ಕಾಣುತ್ತಿತ್ತು. ಗಂಡ ಈ ಹೊತ್ತಿಗೇ ಏಕೆ ಮಾತಾಡುತ್ತಿದ್ದ ಎಂಬುದು ಅವಳಿಗೆ ಈಗ ಗೊತ್ತಾಯಿತು.

“ನಿನ್ನ ಕೇಳ್ತಿದ್ರು,” ಎಂದಳು.

“ಯಾರು?”

“ನಿಮ್ಮಣ್ಣ. ‘ಅವನು ಹೇಗಿದಾನಂತೆ’ ಅಂತ. ಪ್ರತಿ ಡ್ರಮ್ಮಿಗೂ ಕೇಳ್ತಿದ್ರು. ನನ್ನ ತಲೆ ಒಳಗಿದ್ದಾಗ.”

ಬೆನ್ನು ಅಲುಗಿತು, ಡ್ರಮ್ಮೂ ಅಲುಗಿತು.

“ಬಿಡಲಾ ಅತ್ತಿಗೆ?” ಎಂದ ಒಳಗಿನಿಂದ.

ಅವಳು ಸದ್ದಾಗದಂತೆ ಸ್ಪ್ಯಾನರನ್ನು ತಟ್ಟೆಯಲ್ಲಿಟ್ಟಳು. “ಬೇಡ. ಇನ್ನೂ ಸ್ವಲ್ಪ ಹೊತ್ತು ಹಿಡ್ಕೊಂಡಿರು,” ಎಂದಳು.

*

ಹೆಣ ಒಯ್ಯುವ ಗಾಡಿ ಬರುವ ಮೊದಲೇ ವಾಲ್ವ್ ಕೂರಿಸಿ, ಡ್ರಮ್ ನಿಲ್ಲಿಸಿ ಕಂಠಮಟ್ಟ ನೀರು ತುಂಬಿದರು. ಅಡಿಗೆ ಹೊಸ ಪೇಪರ್ ಹಾಸಿದರು. ಎಲ್ಲರೂ ಹೋಗಿ, ಮಣ್ಣು ಮಾಡಿ, ಬಿಸಿಲು ಇಳಿಯುವ ಹೊತ್ತಿಗೆ ವಾಪಸಾದರು.

“ತಡೀರಿ, ಯಾರೂ ಮುಟ್ಬೇಡಿ,” ಎಂದಳು.

ಮಣ್ಣಿನ ಕೈಗಳನ್ನು ಮುಂದೆ ಹಿಡಿದುಕೊಂಡು ಬೀದಿಗೆ ಬೀದಿಯೇ ಹಿತ್ತಲಲ್ಲಿ ಸುಮ್ಮನೆ ನಿಂತಿತು. ಅಳಿಯನಂತೂ ಉಸಿರು ಬಿಗಿಹಿಡಿದಿದ್ದ. ಅವಳು ಬಗ್ಗಿ ವಾಲ್ವಿನ ಅಡಿಯಿಂದ ಪೇಪರನ್ನು ಎಳೆದಳು. ಅದು ಪರಪರ ಸದ್ದು ಮಾಡಿತು. ಅವಳು ನೋಡಿದಳು, ತಿರುಗಿಸಿ ನೋಡಿದಳು, ಆಮೇಲೆ ಮೈದುನನ ಕಡೆ ಚಾಚಿದಳು.

ಅವನು ಅದನ್ನು ಅಂಗೈಯಲ್ಲಿ ಒತ್ತಿ ಒತ್ತಿ ನೋಡಿ ಹಿಂದಕ್ಕೆ ಕೊಟ್ಟ. ಒಣ ಪೇಪರಿನ ಮೇಲೆ ಅವನ ಐದೂ ಬೆರಳುಗಳ ಮಣ್ಣು ಮೂಡಿತ್ತು.