ಗಾಡಿ ಬುತ್ತಿಯ ಕಾರ್ಡು

ಖೈರುನ್ನೀಸಾ ಬೆಳಿಗ್ಗೆ ಕೊಡದ ಮೇಲಿನ ಕೆಂಪು ಧೂಳು ಒರೆಸುತ್ತಿದ್ದಳು. ಎಷ್ಟು ಒರೆಸಿದರೂ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ ಕೂತಿರುತ್ತದೆ. ಅಷ್ಟರಲ್ಲಿ ಬಾಗಿಲಲ್ಲಿ ಅಪರಿಚಿತನೊಬ್ಬ ಬಂದು ನಿಂತ.

"ಭಾಬಿ, ಅದಿರು ಲಾರಿ ಮುಜಾಫರಣ್ಣನ ಮನಿ ಇದೇ ಅಲ್ಲ? ಅಣ್ಣನ ಕಾಲಿಗೆ ಪೆಟ್ಟಾಗೈತಿ. ಗುರುವಾರ ಬರಾಕ ಆಗಂಗಿಲ್ಲ. ದವಾಖಾನಿಗೆ ಕಟ್ಟಬೇಕು, ಬಂಗಾರ ಏನರ ಇದ್ರ ಕೊಡ್ರಿ. ಪಾಪ, ಪುಟಾಣಿ ಚಟ್ನಿಪುಡಿ ಹಂಗ ಬಿಟ್ಟಾನ."

ಗಂಡ ತಿನ್ನುವ ಚಟ್ನಿಪುಡಿಯ ಮಾತು ಕೇಳಿದ್ದೇ ನಂಬಿಕೆ ಬಂದು ಅವಳ ಕೈ ಕಿವಿಯ ಓಲೆಗೆ ಹೋಯಿತು. ನೀರಿಗೆ ಹೊರಟಿದ್ದ ಪಕ್ಕದ ಮನೆಯ ಮಂಜಮ್ಮ, ಮಹಿಳಾ ಸಂಘದವಳು, ಕೊಡ ಇಳಿಸಿದಳು.

"ತಡಿಯವ್ವ. ಮೊದಲು ಫೋನ್ ಹಚ್ಚು."

ಮುಜಾಫರ್ ಎತ್ತಿದ. "ಯಾರಿಗೆ ಪೆಟ್ಟು? ನಾನು ಚಾ ಕುಡೀತಾ ಅದೀನಿ."

ತಿರುಗಿ ನೋಡಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಮಂಜಮ್ಮ ಖೈರುನ್ನೀಸಾಳನ್ನು ಕೇಳಿದಳು:

"ನಿನ್ನ ಗಂಡ ಬರೋ ವಾರ, ತಿನ್ನೋ ಚಟ್ನಿ, ಇಷ್ಟೆಲ್ಲ ಯಾರು ಹೇಳಿದ್ರಲೇ?"

"ನಾನೇ ಅಕ್ಕಾ. ಬ್ರೂಸ್‌ಪೇಟಿ ಅಂಗಡಿ ಕಾರ್ಡಿನ್ಯಾಗ ಬರೆಸೀನಿ."

ಆ ಅಂಗಡಿಯವರು ಲಾರಿ ಹೊರಡುವ ಹಿಂದಿನ ದಿನ ಗಾಡಿ ಬುತ್ತಿ ಮನೆಗೇ ಕಳಿಸುತ್ತಿದ್ದರು: ಚಟ್ನಿಪುಡಿ, ಚಹಾಪುಡಿ, ಸೋಪು. ಅದಕ್ಕೆಂದೇ ಗಂಡ ಹೋಗುವ ದಿನ, ಬರುವ ದಿನ ಬರೆಸಿಕೊಂಡಿದ್ದರು. ಹಾಗೆ ಬರೆಸಿದ ದಿನ ಮಗಳು ಅಸ್ಮಾ ಸೆರಗು ಜಗ್ಗಿ ಏನೋ ಕೇಳಲು ಹೋಗಿದ್ದಳು. "ಸುಮ್ನಿರು" ಎಂದಿದ್ದಳು ತಾಯಿ.

"ಯಾಕ ಬರೆಸಿದಿ?"

"ದಣಿವಕ್ಕ. ಈ ಧೂಳಿನ್ಯಾಗ ನನಗೇನು ಬೇಕಂತ ಯಾರೂ ಕೇಳಂಗಿಲ್ಲ. ಅವರು ಕೇಳಿದ್ರು. ಕೇಳಿದ್ರಲ್ಲ ಅಂತ ಎಲ್ಲಾ ಹೇಳಿಬಿಟ್ಟೆ."

ಮಂಜಮ್ಮ ಅವಳ ಪಕ್ಕ ಕೂತಳು. "ನಾನೇನು ಕಡಿಮಿ? ನನ್ನ ಗಂಡ ಮೂಕಪ್ಪಗ ಸಕ್ಕರಿ ಬ್ಯಾನಿ ಐತಂತನೂ ಬರೆಸೀನಿ. ಸಾಮಾನು ತರಿಸು, ಬ್ಯಾಡ ಅನ್ನಂಗಿಲ್ಲ. ತಂದು ಕೊಡಾಕ ಮನಿ ಗುರುತು ಸಾಕು. ಯಾವತ್ತು ಕಳಿಸಬೇಕು ಅನ್ನೋದು ನೀನೇ ಫೋನ್ ಮಾಡಿ ಹೇಳು."

ಅಸ್ಮಾಳನ್ನು ಕರೆದುಕೊಂಡು ಇಬ್ಬರೂ ಅಂಗಡಿಗೆ ಹೋದರು. ಕಾರ್ಡುಗಳಿಂದ ಎಲ್ಲರ ಮನೆಯ ವಿವರ ಎತ್ತಿ ಬರೆದ ಪಟ್ಟಿ ಗಲ್ಲಾಪೆಟ್ಟಿಗೆಯ ಪಕ್ಕದ ಮೊಳೆಗೆ ತೂಗುತ್ತಿತ್ತು, ಬಂದವರೆಲ್ಲ ಓದುವಂತೆ. ತಮ್ಮ ಹೆಸರು ಹೊಡೆದುಹಾಕಿ ಎಂದರೆ ಮಾಲೀಕ ಚಂದ್ರಣ್ಣ ಹೊಸ ಫಾರಂ ಮುಂದಿಟ್ಟ.

"ಇದರಾಗ ಇನ್ನೂ ಚಲೋ ಸೌಕರ್ಯ ಅದಾವ ಅಕ್ಕಾ. ಅಣ್ಣ ಹೋಗೋ, ಬರೋ ದಿನ, ತಾರೀಖು ತುಂಬ್ರಿ ಸಾಕು."

ತಾಯಂದಿರೇ, ಇಂಥ ಫಾರಂ ನಿಮ್ಮ ಮುಂದೆಯೂ ಬರುತ್ತದೆ. ದಣಿದಾಗಲೇ ಬರುತ್ತದೆ. ನಮ್ಮ ಕಷ್ಟ ಕೇಳಿದವರಿಗೆಲ್ಲ ಮನೆಯ ಗುಟ್ಟು ಹೇಳಬೇಕಾಗಿಲ್ಲ. ಪೆನ್ನು ಹಿಡಿಯುವ ಮುಂಚೆ, ಅಂದು ಅಸ್ಮಾ ಕೇಳಹೊರಟಿದ್ದನ್ನು ನೀವೂ ಕೇಳಿ.

ಈ ಸಲ ಅಸ್ಮಾ ಸೆರಗು ಜಗ್ಗಲಿಲ್ಲ. ಎಲ್ಲರಿಗೂ ಕೇಳುವಂತೆ ಅಂದಳು:

"ನಮ್ಮ ಅಬ್ಬಾ ಮನಿಯಾಗ ಇಲ್ಲದ ದಿನ ನಿಮಗ್ಯಾಕ ಬೇಕ್ರಿ?"